ಹೊಸ್ತಿಲಿಗೆ ಬೀಳದ ಸೊಪ್ಪು

ಪಟೇಲ ಎಂಡ್ರೆ ಹಿಮದ ಇಳಿಜಾರಿನಲ್ಲಿ ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ಜಾರಿ ಬರುವುದು ಕಂಡದ್ದೇ ತಡ, ಗುನ್ವೋರ್ ಕಣಜದ ಬೀಗವನ್ನು ಜಗ್ಗಿ ನೋಡಿ ಕೀಲಿಯನ್ನು ಕುಪ್ಪಸದೊಳಕ್ಕೆ ಇಳಿಸಿಕೊಂಡಳು.

ಅವಳ ಗಂಡ ತಾರ್ಯೇ ಆ ಕಣಜದೊಳಗಿದ್ದ. ಬೇಸಗೆಯಲ್ಲಿ ಸ್ವೀಡನ್ನಿನವರೊಡನೆ ನಡೆದ ಯುದ್ಧದಿಂದ ಬಂದೂಕು ಬಿಸಾಕಿ ಓಡಿಬಂದವನು. ಬರುವಾಗಲೇ ಕೆಮ್ಮು ಹೊತ್ತು ತಂದಿದ್ದ. ಸಿಪಾಯಿಗಳು ಹುಡುಕಿಕೊಂಡು ಬಂದಾಗಲೆಲ್ಲ ಆ ಕೆಮ್ಮೇ ತಮ್ಮನ್ನು ಹಿಡಿದುಕೊಡುತ್ತದೆ ಎಂದು ಅವಳು ನಡುಗಿದ್ದಳು. ಈಗ ಆ ಭಯವಿರಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಕೆಮ್ಮು ನಿಂತಿತ್ತು.

ಒಂದೇ ವರ್ಷದಲ್ಲಿ ನಾರ್ವೆ ಮೂವರು ರಾಜರನ್ನು ಕಂಡಿತ್ತು. ರಾಜರು ಬದಲಾದರೂ ಗುನ್ವೋರಳ ಒಲೆಯ ಮೇಲಿನ ರೊಟ್ಟಿ ಬದಲಾಗಲಿಲ್ಲ. ಮುಕ್ಕಾಲು ಪಾಲು ಕುಟ್ಟಿದ ಮರದ ತೊಗಟೆ, ಉಳಿದದ್ದು ಹಿಟ್ಟು. ಗುಡಿಸಲು ಧಣಿಯದು, ಕರಾರು ತಾರ್ಯೇಯ ದುಡಿಮೆಯ ಮೇಲೆ. ಗಂಡಸಿಲ್ಲದ ಗುಡಿಸಲನ್ನು ಧಣಿ ಮರುದಿನವೇ ಇನ್ನೊಬ್ಬನಿಗೆ ಕೊಡುತ್ತಾನೆ. ಮೂವರು ಮಕ್ಕಳನ್ನು ಊರವರು ಹಂಚಿಕೊಂಡು ಮೂರು ಮನೆಗೆ ಚಾಕರಿಗೆ ಹಾಕುತ್ತಾರೆ. ಅದಕ್ಕೇ ತಾರ್ಯೇ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. "ಇವತ್ತಲ್ಲ ನಾಳೆ ಬರ್ತಾನೆ" ಎಂದು ಧಣಿಗೆ ಹೇಳುತ್ತಾ, ಅವನ ಪಾಲಿನ ಒಕ್ಕಣೆಯನ್ನೂ ಸೌದೆಯನ್ನೂ ಅವಳೇ ಮಾಡುತ್ತಿದ್ದಳು. ಪಾಪ, ಕೈಯೆಲ್ಲ ಬಿರುಕು ಬಿಟ್ಟಿತ್ತು.

ಚಳಿ ಇನ್ನಷ್ಟು ಕಚ್ಚಲಿ ಎಂದು ದೇವರಲ್ಲಿ ಬೇಡುವವಳು ಆ ಕಣಿವೆಯಲ್ಲಿ ಅವಳೊಬ್ಬಳೇ. ಹಿಮ ಕರಗಿದರೆ ದಾರಿ ತೆರೆಯುತ್ತದೆ, ಜನ ಬರುತ್ತಾರೆ. ಬೆಳಿಗ್ಗೆ ಸೂರಿನಿಂದ ಹನಿ ಬಿದ್ದ ಸದ್ದಿಗೆ ಅವಳು ಹೊರಗೋಡಿ ಆಕಾಶ ನೋಡಿದ್ದಳು.

"ಅಮ್ಮಾ, ಅಪ್ಪಂಗೆ ಒಳಗೆ ಚಳಿ ಆಗಲ್ವಾ?" ಕಿರಿಯವಳು ಸಿಗ್ನೆ ಲಂಗ ಜಗ್ಗಿದಳು.

"ಆಗಲ್ಲ ಕಂದಾ. ನೀನು ಮನೆಯೊಳಗೆ ಹೋಗು."

ಅಷ್ಟರಲ್ಲಿ ಎಂಡ್ರೆ ಅಂಗಳಕ್ಕೆ ಬಂದೇಬಿಟ್ಟ.

"ಏನಮ್ಮಾ ಗುನ್ವೋರ್, ಕಣಜಕ್ಕೆ ಕಾವಲಾ? ತೊಗಟೆ ರೊಟ್ಟಿ ಕದಿಯೋ ಕಳ್ಳನೂ ಇದಾನಾ ಈ ಊರಲ್ಲಿ?"

"ಇಲಿ ಕಾಟ, ಪಟೇಲ್ರೇ."

"ಇಲಿಗೆ ಇಷ್ಟು ದಪ್ಪ ಬೀಗ!" ಅವನು ಮೀಸೆಯ ಮಂಜನ್ನು ಒರೆಸಿಕೊಂಡ. "ತಾರ್ಯೇ ಸತ್ತೇಹೋದ ಅಂತಾರೆ ಊರಲ್ಲಿ. ನಾನು ನಂಬಲ್ಲ. ಯಾಕೆ ಗೊತ್ತಾ?"

ಅವನು ಗುಡಿಸಲಿನ ಹೊಸ್ತಿಲ ಕಡೆ ಕೋಲು ಚಾಚಿದ. "ಸಾವಾದ ಮನೆ ಮುಂದೆ ದೇವದಾರು ಸೊಪ್ಪು ಹಾಸದೇ ಇರೋ ಹೆಂಗಸು ಈ ಕಣಿವೇಲಿ ಇನ್ನೂ ಹುಟ್ಟಿಲ್ಲ. ನಿನ್ನ ಬಾಗಿಲಲ್ಲಿ ಒಂದು ಕಡ್ಡೀನೂ ಬಿದ್ದಿಲ್ಲ. ಬದುಕಿದಾನೆ. ಇಲ್ಲೇ ಇದಾನೆ."

ಗುನ್ವೋರ್ ಕಣಜದ ಮೆಟ್ಟಿಲ ಮೇಲೆಯೇ ಕುಸಿದು ಕೂತಳು.

"ಬಾಗಿಲು ಮಾತ್ರ ತೆಗೆಸಬೇಡಿ ಪಟೇಲ್ರೇ. ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಕ್ಕಳು ದಿಕ್ಕಿಗೊಂದಾಗ್ತವೆ."

"ಅಯ್ಯೋ ಮಂಕೇ, ಹಿಡಿಯೋಕೆ ಯಾರು ಬಂದ್ರು?" ಎಂಡ್ರೆ ನಕ್ಕುಬಿಟ್ಟ. "ಓಡಿಬಂದೋರಿಗೆಲ್ಲ ಹೊಸ ರಾಜರ ಕ್ಷಮೆ ಬಂದಿದೆ. ಭಾನುವಾರ ಚರ್ಚಿಗೆ ಬಂದು ಪಾದ್ರಿ ಮುಂದೆ ನಿಂತರೆ ಸಾಕು. ಧಣಿನೂ ಒಪ್ಪಿದಾರೆ. ಅಲ್ಲೇ ತಾರ್ಯೇ ಕೈಹಿಡಿದು, ನೀನು ಬದುಕಿರೋ ತನಕ ಗುಡಿಸಲು ನಿಂದೇ ಅಂತ ಮಾತು ಕೊಡ್ತಾರಂತೆ. ಬರಲಿಲ್ಲ ಅಂದ್ರೆ ಮಾತ್ರ ಸೋಮವಾರ ಬೇರೆಯೋರು ಗಂಟುಮೂಟೆ ಕಟ್ಕೊಂಡು ಬರ್ತಾರೆ. ಅದು ನನ್ನ ಕೈಲಿಲ್ಲ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಎಂಡ್ರೆ. ಒಳ್ಳೆಯ ಮನುಷ್ಯ. ಚೀಲದಿಂದ ಒಂದು ಗಂಟು ಬಾರ್ಲಿ ಹಿಟ್ಟು ತೆಗೆದು ಅವಳ ಮಡಿಲಲ್ಲಿಟ್ಟ.

"ಇದಕ್ಕೆ ತೊಗಟೆ ಬೆರೆಸಬೇಡ. ಗಂಜಿ ಕಾಯಿಸಿ ಅವನಿಗೆ ಕುಡಿಸು. ಚರ್ಚಿನ ತನಕ ನಡೀಬೇಕಲ್ಲ."

ಹೊರಡುವ ಮುನ್ನ ಕೋಲಿನಿಂದ ಕಣಜದ ಬಾಗಿಲನ್ನು ಕುಟ್ಟಿದ. "ಏ ತಾರ್ಯೇ! ಕೇಳಿಸ್ತೇನೋ ಹೇಡಿ? ಹೆಂಡ್ತಿ ದುಡಿದಿದ್ದು ಸಾಕು, ಎದ್ದು ಬಾರೋ!"

ಒಳಗಿಂದ ಉತ್ತರ ಬರಲಿಲ್ಲ. "ನಾಚಿಕೆ, ಪಾಪ," ಎಂದು ನಗುತ್ತಾ ಪಟೇಲ ಇಳಿಜಾರಿನಲ್ಲಿ ಮರೆಯಾದ.

ಗುನ್ವೋರ್ ಬೀಗ ತೆಗೆದು ಒಳಗೆ ಹೋದಳು. ಹಿಂದೆಯೇ ಬಾಗಿಲು ಮುಚ್ಚಿ, ಹಲಗೆಗಳ ಸಂದಿಯಿಂದ ಬರುತ್ತಿದ್ದ ಬೆಳಕಿನಲ್ಲಿ ಅವನ ಕಿವಿಯ ಬಳಿ ಬಾಗಿದಳು. ದುಃಖ ಒತ್ತರಿಸಿಕೊಂಡು ಬಂತು.

"ಕೇಳಿಸ್ತಾ ನಿಂಗೆ? ಬಂದು ನಿಂತರೆ ಸಾಕಂತೆ, ತಾರ್ಯೇ. ಒಂದೇ ಒಂದ್ಸಲ ಬಂದು ನಿಂತರೆ ಸಾಕಂತೆ."

ಕ್ರಿಸ್‌ಮಸ್ ಕಳೆದಾಗಿನಿಂದ ಉಸಿರಿಲ್ಲದೆ ಮರಗಟ್ಟಿ ಮಲಗಿದ್ದ ಅವನ ಗಡ್ಡದಿಂದ, ಆ ಚಳಿಗಾಲದಲ್ಲಿ ಮೊದಲ ಬಾರಿಗೆ, ಒಂದು ಹನಿ ನೀರು ತೊಟ್ಟಿಕ್ಕಿತು.