ಕೆಂಪು ಕಾರಿಗೆ ಹೊಸ ಎಂಜಿನ್

“ಎಂಜಿನ್ ಎಲ್ಲಿಂದ ಬಂತು ಅಂತ ಮಾತ್ರ ಕೇಳಬ್ಯಾಡ್ರಿ ಸಾವ್ಕಾರ್ರ,” ಎಂದ ಮೆಕ್ಯಾನಿಕ್ ಅಂಬರೇಶ, ಬಾನೆಟ್ಟಿನೊಳಗಿಂದ ತಲೆ ಹೊರಗೆ ಹಾಕುತ್ತ.

ಉದಯಕುಮಾರ ಕೇಳಲಿಲ್ಲ. ಕೇಳುವ ಚಟ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ತಲೆನೋವು. ರಾಯಚೂರಿನ ಅಕ್ಕಿ ಗಿರಣಿಯೊಂದರ ಏಕಮಾತ್ರ ವಾರಸುದಾರನಿಗೆ ಆ ಉಸಾಬರಿ ಯಾಕೆ?

ಕಾರು ಬಲು ಹಳೆಯದು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗು. ಹೈದರಾಬಾದಿನಿಂದ ಲಾರಿಯ ಮೇಲೆ ಬಂದಾಗಲೇ ಅದರ ಎಂಜಿನ್ ಜಾಮ್ ಆಗಿತ್ತು. ಆಮೇಲೆ ಕಾರು ಗಿರಣಿಯ ಶೆಡ್ಡಿನಲ್ಲಿ ನಿಂತಿತು, ಉದಯಕುಮಾರ ಕಾರಿಗೆ ಒರಗಿ ನಿಂತ, ಯಾರೋ ಫೋಟೋ ತೆಗೆದರು. ಐದು ವರ್ಷದಲ್ಲಿ ಆ ಸ್ಪೋರ್ಟ್ಸ್ ಕಾರು ಮಾಡಿದ ಸಾಧನೆ ಇಷ್ಟೇ.

ಅಂಥದ್ದೊಂದು ಫೋಟೋ ಸಂಬಂಧ ಕೇಳಲು ಮಾನ್ವಿಗೂ ಹೋಗಿತ್ತು. ಅಲ್ಲಿಯ ಶಂಭುಲಿಂಗಪ್ಪನವರ ಮಗಳು ಕಾವ್ಯಾಳನ್ನು ಉದಯಕುಮಾರ ಯಾರದೋ ಮದುವೆಯ ಪಂಕ್ತಿಯಲ್ಲಿ ನೋಡಿದ್ದ. ಅವಳು ನಕ್ಕಿದ್ದು ಬೇರೆ ಯಾರಿಗೋ. ಇವನಿಗೆ ಊಟ ಸೇರಲಿಲ್ಲ. ಮದುವೆಯಾದರೆ ಅವಳನ್ನೇ ಎಂದು ಅಂದೇ ತೀರ್ಮಾನಿಸಿಬಿಟ್ಟ. ಅವನ ಬದುಕಿನಲ್ಲಿ ಸುಳ್ಳಿಲ್ಲದ ಸಂಗತಿ ಅದೊಂದೇ. ಶಂಭುಲಿಂಗಪ್ಪ ಗುತ್ತಿಗೆದಾರರು ಎಂದು ಗೊತ್ತಿತ್ತು. ಯಾತರ ಗುತ್ತಿಗೆ ಎಂದು ಅವನು ಅಲ್ಲಿಯೂ ಕೇಳಲಿಲ್ಲ.

ಸೋದರತ್ತೆ ವೀರಭದ್ರಮ್ಮ ಎರಡು ಸಲ ಮಾನ್ವಿಗೆ ಹೋಗಿ ಮಾತು ತೆಗೆದು ಬಂದಿದ್ದರು. ಎರಡನೆಯ ಸಲ ಮುಖ ಸಣ್ಣದು ಮಾಡಿಕೊಂಡು ಬಂದರು.

“ಆ ಕಾರು ಓಡತದೋ, ಇಲ್ಲಾ ಬರೇ ಒರಗಾಕ ಇಟ್ಟಾರೋ ಅಂತ ಕೇಳ್ಯಾಳಪಾ ಹುಡುಗಿ!”

ಮಾತು ನಾಟಿತು. ವಾರದೊಳಗೆ ಕಾರು ದೇವದುರ್ಗಕ್ಕೆ, ಅಂಬರೇಶನ ಗ್ಯಾರೇಜಿಗೆ ಬಂದಿತ್ತು.

ಹೊಸ ಎಂಜಿನ್ ಎಷ್ಟು ಸಣ್ಣದೆಂದರೆ, ಅದನ್ನು ಕೂರಿಸಿದ ಮೇಲೂ ಬಾನೆಟ್ಟಿನೊಳಗೆ ಅಕ್ಕಿ ಚೀಲ ಇಡುವಷ್ಟು ಜಾಗ ಉಳಿಯಿತು. ಅಂಬರೇಶ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿ ಅದನ್ನು ಬಿಗಿದ. ಪೆಟ್ರೋಲು ಕುಡಿಯುತ್ತಿದ್ದ ಕಾರು ಡೀಸೆಲಿಗೆ ಇಳಿಯಿತು.

“ನಂಬಿಗಸ್ತ ಎಂಜಿನ್ರಿ ಇದು. ನೂರು ಸಲ ನಿಂದ್ರಸ್ರಿ, ನೂರು ಸಲ ಹೊಂಡತದ. ನಿಂತಾಗ ಎರಡು ಸಲ ಕೆಮ್ಮತದ, ಅದೊಂದು ಚಾಳಿ ಅದ.”

“ರೇಸಿನ ಎಂಜಿನ್ ಹಂಗ ಕೆಮ್ಮತಾವಲೇ,” ಎಂದ ಉದಯಕುಮಾರ, ಎಲ್ಲ ಬಲ್ಲವನ ಗತ್ತಿನಲ್ಲಿ. ರಾಯಚೂರು ಮುಟ್ಟುವಷ್ಟರಲ್ಲಿ ಎಂಜಿನ್ ಜರ್ಮನಿಯದಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಕೆಮ್ಮಿನ ಸಮೇತ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ.

ಮರುದಿನವೇ ಶಂಭುಲಿಂಗಪ್ಪನವರು ವೀರಭದ್ರಮ್ಮನಿಗೆ ತಾವಾಗಿ ಫೋನ್ ಮಾಡಿದರು.

“ಹುಡುಗನ್ನ ಕರಕೊಂಡು ಬರ್ರಿ. ಆದರ ಆ ಕಾರಿನ್ಯಾಗ ಬರಬೇಕ್ ನೋಡ್ರಿ, ನಮ್ಮ ಕಾವ್ಯಾ ಹಟ ಹಿಡಿದು ಕುಂತಾಳ. ವಿಡಿಯೋ ಹಚ್ಚಿಕೊಂಡು, ಕಣ್ಣು ಮುಚ್ಚಿ ಮತ್ತ ಮತ್ತ ಕೇಳಾಕತ್ಯಾಳ!”

ಉದಯಕುಮಾರ ಕರಗಿ ನೀರಾದ. ಅವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಕಣ್ಣು ಮುಚ್ಚಿ ಕೇಳುವಷ್ಟು ರಸಿಕತೆ ಯಾವ ಹುಡುಗಿಗಿದೆ?

ಮಾನ್ವಿಯ ದಾರಿಯಲ್ಲಿ ಕಲ್ಲೂರಿನ ಬಳಿ, ಭತ್ತ ಹೇರಿದ ಟ್ರ್ಯಾಕ್ಟರೊಂದು ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು. ಪಕ್ಕದಲ್ಲಿ ಮುದುಡಿ ಕೂತಿದ್ದ ವೀರಭದ್ರಮ್ಮ ಸೋದರಳಿಯನ ಮುಖ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು. ಶಂಭುಲಿಂಗಪ್ಪನವರ ಓಣಿ ಬಂದಾಗ ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು, “ಏನ್ ನಾತಪಾ ಇದು!” ಎಂದರು. ಮೂಲೆಯಲ್ಲಿ ನಾಯಿಗಳು ಏನನ್ನೋ ಎಳೆದಾಡುತ್ತಿದ್ದವು. ಗಂಡಿಗೆ ಅದೆಲ್ಲ ಕಾಣುವ ಹೊತ್ತಲ್ಲ.

ಕಾರು ನಿಂತಿತು. ಎರಡು ಸಲ ಕೆಮ್ಮಿತು.

ಕೂಡಲೇ ಓಣಿಯ ಬಾಗಿಲುಗಳು ತೆರೆದವು. ಹೆಂಗಸರು ಮುಚ್ಚಳದ ಬಕೆಟು ಹಿಡಿದುಕೊಂಡೇ ಓಡಿ ಬಂದರು. ಬಂದವರು ಕೆಂಪು ಕಾರನ್ನು ನೋಡಿ, ಮುಖ ಮುಖ ನೋಡಿಕೊಂಡು, ಅಲ್ಲೇ ನಿಂತುಬಿಟ್ಟರು. ಪಾಪ, ಮನೆಗೆಲಸ ಬಿಟ್ಟು ಬಂದಿದ್ದಾರೆ ಎಂದುಕೊಂಡ ಉದಯಕುಮಾರ, ಅವರಿಗೆ ಕೈ ಬೀಸಿದ.

ಕಟ್ಟೆಯ ಮೇಲೆ ಶಂಭುಲಿಂಗಪ್ಪನವರು ಕೂತಿದ್ದರು. ಪಕ್ಕದಲ್ಲಿ ದಪ್ಪ ಮೀಸೆಯವರೊಬ್ಬರು.

“ಇವರು ನಮ್ಮ ಪೈಕಿನೇ,” ಎಂದರು ಶಂಭುಲಿಂಗಪ್ಪ, ಮೀಸೆಯವರ ಕಡೆ ಕೈ ತೋರಿಸಿ. “ಇನ್ನೊಮ್ಮಿ ಚಾಲೂ ಮಾಡಿ ಬಂದ್ ಮಾಡ್ರಿ. ಇವರೂ ಕೇಳ್ಲಿ.”

ಉದಯಕುಮಾರ ಚಾಲೂ ಮಾಡಿದ, ಬಂದ್ ಮಾಡಿದ. ಎಂಜಿನ್ ತಪ್ಪದೆ ಕೆಮ್ಮಿತು. ಮೀಸೆಯವರು ತಲೆಯಾಡಿಸಿದರು. ಬೀಗರಿಗೆ ಹಿಡಿಸಿತು ಎಂದು ಇವನ ಎದೆ ಉಬ್ಬಿತು.

ಕಾವ್ಯಾ ಹೊರಗೆ ಬಂದಳು. ಸೀರೆಯಿಲ್ಲ, ಮಲ್ಲಿಗೆಯಿಲ್ಲ, ಕೈಯಲ್ಲಿ ಚಹಾದ ತಟ್ಟೆಯೂ ಇಲ್ಲ. ಸಾದಾ ಹುಡುಗಿ ಎಂದು ವೀರಭದ್ರಮ್ಮನಿಗೆ ಇನ್ನಷ್ಟು ಮೆಚ್ಚುಗೆಯಾಯಿತು. ಅವಳು ಗಂಡಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ನಾಚಿಕೆ ಇದ್ದೀತು.

“ಬಾನೆಟ್ ತೆಗಿತೀರೇನ್ರಿ?” ಎಂದಳು.

ಉದಯಕುಮಾರನಿಗೆ ಜನ್ಮ ಸಾರ್ಥಕವೆನಿಸಿತು. ಓಡಿಹೋಗಿ ಬಾನೆಟ್ ಎತ್ತಿ ಹಿಡಿದ. ಕಾವ್ಯಾ ಬಗ್ಗಿ, ಎಂಜಿನ್ನಿನ ಅಡಿಗೆ ಕೈ ಹಾಕಿ, ಏನನ್ನೋ ತಡವಿ ನೋಡಿದಳು. ಅವಳ ಮುಖ ಅರಳಿತು. ಅವನು ಅಂದು ಪಂಕ್ತಿಯಲ್ಲಿ ಕಂಡಿದ್ದ ಅದೇ ನಗು. ಈ ಸಲ ತನಗಾಗಿಯೇ ಎಂದು ಅವನು ಆಣೆ ಮಾಡಿ ಹೇಳುತ್ತಿದ್ದ.

ವೀರಭದ್ರಮ್ಮನಿಗೆ ತಡೆಯಲಾಗಲಿಲ್ಲ. “ಏನವ್ವಾ, ಹುಡುಗ ಮನಸ್ಸಿಗೆ ಬಂದ್ನೇನು?”

“ಹುಡುಗನ್ನ ನೋಡಾಕ ಯಾರು ಕರೆದಾರ್ರೀ ಅಮ್ಮಾ?” ಎಂದಳು ಕಾವ್ಯಾ, ಕೈ ಒರೆಸಿಕೊಳ್ಳುತ್ತ. “ವಿಡಿಯೋದಾಗ ಕೆಮ್ಮಿದ್ದು ಕಳುವಾದ ನಮ್ಮ ಕಸದ ಗಾಡಿ ಎಂಜಿನ್ನೇ ಅಂತ ಈ ಪೊಲೀಸ್ ಸಾಹೇಬ್ರು ನಂಬವಲ್ರಾಗಿದ್ರು, ಅದಕ್ಕ ಕರಸೀವಿ.”