ಕಾರಿಗೆ ಮೂಗಿದ್ದ ಕಾಲ

ಗಾಂಜಾ ಸೇದಿ ಬಂದ ಫಕೀರಪ್ಪನನ್ನು ಮೂಸಿ ನೋಡಿದ ಕಾರು, ಆ ಕಾಲದ ಎಲ್ಲ ಕಾರುಗಳಂತೆ, ಮೂಗು ಮುರಿದು ಮಲಗಿಬಿಟ್ಟಿತು.

"ಮಗಳ ಸಾಲಿ ಬಿಡೋ ಹೊತ್ತಾತು. ನಾ ಬರೋಬ್ಬರಿ ಅದೀನಿ!" ಎಂದು ಅವನು ಸ್ಟೇರಿಂಗ್ ಹಿಡಿದು ಕೂತ.

ಹೆಂಡತಿ ನೀಲವ್ವ, ಮಗಳನ್ನು ಕರೆತರುವಂತೆ ತಂಗಿಗೆ ಫೋನ್ ಮಾಡಿ ಬಂದು, ಹಿಂದಿನ ಸೀಟಿನಲ್ಲಿ ಕೂತು ಬಾಯಲ್ಲೇ "ಡುರ್ರ್" ಎಂದು ಇಂಜಿನ್ ಓಡಿಸಿದಳು. ಕಾರು ಹೊರಟೇಬಿಟ್ಟಿತೆಂದು ಫಕೀರಪ್ಪ ಹುರುಪಿನಿಂದ ಸ್ಟೇರಿಂಗ್ ತಿರುಗಿಸತೊಡಗಿದ.

"ರೀ, ಮುಂದ ಕೂಸು!"

ಅವನು ಬ್ರೇಕ್ ತುಳಿಯುವಷ್ಟರಲ್ಲಿ ಅವಳು ಒಂದರಿಂದ ಐದರವರೆಗೆ ಎಣಿಸಿ ಮುಗಿಸಿದ್ದಳು.

"ಯಾರ ಕೂಸ, ನೀಲಿ? ಗಾಡಿ ಹಾಯ್ತೇನು ಅದಕ್ಕ?" ಎಂದು ಅವನು ಇಳಿಯಲು ಬಾಗಿಲಿಗೆ ಕೈ ಹಾಕಿದ.

"ಯಾರೂ ಇಲ್ಲ. ನಾವಿನ್ನೂ ಮನಿ ಮುಂದ ಅದೀವಿ," ಎಂದು ಅವಳು ಅವನ ತಲೆ ನೇವರಿಸಿದಳು.

ಮಗಳು ಚಿಕ್ಕಮ್ಮನ ಕೈಹಿಡಿದು ಬಂದಾಗ, ಅವನೇ "ಡುರ್ರ್" ಎನ್ನುತ್ತ ನಡೆದದ್ದನ್ನೆಲ್ಲ ಹೇಳಿ, ಮಗಳನ್ನು ಬಾಚಿ ತಬ್ಬಿಕೊಂಡು, ಕಣ್ಣೊರೆಸುತ್ತ ಎಲ್ಲರಿಗಿಂತ ಜೋರಾಗಿ ನಕ್ಕ.