ಉದ್ಘಾಟನೆಯಾದ ಲಿಫ್ಟ್

ಕುಲಪತಿಗಳು ರಿಬ್ಬನ್ ಕತ್ತರಿಸಿದರು. ವಿಶ್ವವಿದ್ಯಾಲಯದ ಗ್ರಂಥಾಲಯದ ಹೊಸ ಲಿಫ್ಟು ಗಾಲಿಕುರ್ಚಿಯ ಹುಡುಗಿಯನ್ನು ಮೊದಲ ಬಾರಿಗೆ ಮೂರನೇ ಮಹಡಿಯ ಓದುವ ಕೋಣೆಗೆ ಒಯ್ದಿತು. ಇಷ್ಟು ದಿನ ಅವಳು ಕೆಳಗೇ ಕೂತು, ಗೆಳತಿಯರು ಇಳಿಸಿ ತಂದ ಪುಸ್ತಕಗಳನ್ನಷ್ಟೇ ಓದಿದ್ದಳು. ಅಲ್ಲಿ ಅವಳಿಗೆ ಶಾಲು ಹೊದಿಸಿದರು, ಫೋಟೊ ತೆಗೆದರು. ಆಮೇಲೆ ಎಲ್ಲರೂ ಮೆಟ್ಟಿಲಿಳಿದು ಊಟಕ್ಕೆ ಹೋದರು.

ಅವಳು ಲಿಫ್ಟಿನ ಗುಂಡಿ ಒತ್ತಿದಳು. ದೀಪ ಹತ್ತಲಿಲ್ಲ. ಮೆಟ್ಟಿಲ ಬಳಿ ಬಂದು ಕೂಗಿದಳು. ಕೆಳಗೆ ಊಟದ ಗದ್ದಲ.

ಕೊನೆಗೆ ಬೀಗ ಹಾಕಲು ಬಂದ ಗ್ರಂಥಪಾಲಕರು ಬೆಚ್ಚಿಬಿದ್ದರು.

"ಇನ್ನೂ ಇಲ್ಲೇ ಇದೀಯೇನಮ್ಮ?"

"ಲಿಫ್ಟ್ ಬರ್ತಿಲ್ಲ ಸರ್."

"ಅದಕ್ಕೆ ಕರೆಂಟ್ ಲೈನೇ ಎಳೆದಿಲ್ಲ. ಫಂಕ್ಷನ್‌ಗೆ ಅಂತ ಬಾಡಿಗೆ ಜನರೇಟರ್ ತರಿಸಿದ್ರು. ಆಗಲೇ ಬಿಚ್ಕೊಂಡು ಹೋದ್ರು."

"ಲೈನ್ ಯಾವಾಗ ಎಳೀತಾರೆ?"

"ಫೈಲ್ ಓಡಾಡ್ತಿದೆ. ನೀನು ಹೆದರಬೇಡ. ಹಾಸ್ಟೆಲ್ ಹುಡುಗರನ್ನ ಕರೆಸ್ತೀನಿ, ಕುರ್ಚಿ ಸಮೇತ ಎತ್ತಿ ಇಳಿಸ್ತಾರೆ."

"ನಾಳೆ ಮತ್ತೆ ಹತ್ತಿಸ್ತಾರಾ ಸರ್?"

ಅವರು ಬೀಗದ ಕೈ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ನೋಡಮ್ಮ, ನೀನು ಇಳಿಯೋವರೆಗೂ ನಾನು ಬೀಗ ಹಾಕೋ ಹಾಗಿಲ್ಲ. ಕುಲಪತಿಗಳು ಕೇಳಿದ್ರೆ ಏನಂತ ಹೇಳ್ಲಿ?"

ಅವಳು ಮೆಟ್ಟಿಲುಗಳನ್ನು ನೋಡಿದಳು. ತಿರುಗಿ ಪುಸ್ತಕದ ಕಪಾಟುಗಳನ್ನು ನೋಡಿದಳು. ಕುರ್ಚಿಯನ್ನು ಕಿಟಕಿ ಪಕ್ಕದ ಮೇಜಿನ ಬಳಿಗೆ ಉರುಳಿಸಿಕೊಂಡು ಹೋಗಿ, ಎರಡೂ ಗಾಲಿಗಳ ಬ್ರೇಕ್ ಬಿಗಿದಳು.

"ಲೈನ್ ಎಳೆಸೋಕೆ ಹೇಳಿ ಸರ್. ಅಲ್ಲೀತನಕ ನಾನು ಓದ್ತಿರ್ತೀನಿ."